ವಾಚನಾಲಯದ ಚಾವಣಿ

ಮೇಸ್ತ್ರಿಯಮ್ಮ ಪಟ್ಟಣಕ್ಕೆ ಬಂದದ್ದು ಮಗನ ಲಾರಿಯಲ್ಲಿ. ಟಿಕೆಟ್ಟಿನ ಗೊಡವೆಯಿಲ್ಲ, ಸೀಟಿಗಾಗಿ ಜಗಳವಿಲ್ಲ. ಹಿಂದೆ ಬೇಳೆಯ ಮೂಟೆಗಳು, ಮುಂದೆ ಮಗ, ಸೊಸೆ, ಇವಳು, ಇವಳ ತೊಡೆಯ ಮೇಲೆ ಬುತ್ತಿಯ ಚೀಲ. ಗಾರೆ ಮೇಸ್ತ್ರಿಯ ಹೆಂಡತಿ ಅಂತ ಊರಿನವರು ಇಟ್ಟ ಹೆಸರು ಮೇಸ್ತ್ರಿಯಮ್ಮ. ಮೇಸ್ತ್ರಿ ತೀರಿಕೊಂಡು ವರ್ಷ ಕಳೆದಿದ್ದರೂ ಹೆಸರು ಮಾತ್ರ ಉಳಿದಿತ್ತು. ಉಳಿಯದೆ ಏನು ಮಾಡೀತು? ಯಾರ ಮನೆಗೆ ಹೋದರೂ ಅವಳು ಮೊದಲು ನೋಡುತ್ತಿದ್ದದ್ದು ಗೋಡೆಯನ್ನು, ಆಮೇಲೆ ಮನೆಯವರನ್ನು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಒಳಗೆ ಪೊಳ್ಳು" ಅಂತ ಹೇಳಿ ಎಷ್ಟು ಗೃಹಪ್ರವೇಶಗಳ ಸಂತೋಷ ಕೆಡಿಸಿದ್ದಳೋ ಲೆಕ್ಕವಿಲ್ಲ.

ಗೋದಾಮಿನ ಮುಂದೆ ಲಾರಿಗಳ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ಮಗ ಎಂಜಿನ್ ಆರಿಸಿ ಕೆಳಗಿಳಿದು, ಸಾಲನ್ನು ಒಮ್ಮೆ ನೋಡಿ ತಲೆ ಕೆರೆದುಕೊಂಡ.

"ಅಮ್ಮ, ಮೂಟೆ ಇಳಿಸೋ ಹೊತ್ತಿಗೆ ಸಂಜೆ ಆಗುತ್ತೆ. ಇಲ್ಲಿ ಕೂತು ಧೂಳು ಕುಡಿಯೋ ಬದಲು ಇವಳ ಜೊತೆ ಊರು ಸುತ್ತಿ ಬಾ. ಆದ್ರೆ ಫೋನ್ ಮಾಡಿದ ತಕ್ಷಣ ಬಂದುಬಿಡಬೇಕು. ಖಾಲಿ ಲಾರೀನ ಈ ಅಂಗಳದಲ್ಲಿ ನಿಲ್ಲಿಸೋಕೆ ಬಿಡಲ್ಲ." ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. "ಖರ್ಚು ಮಾತ್ರ ಬೇಡ ಕಣೆ. ಟೈರು ಬೇರೆ ಹಾಕಿಸ್ಬೇಕು."

"ಖರ್ಚಿಲ್ಲದೆ ಊರು ನೋಡೋದು ಹೇಗೆ ಅಂತ ನನಗೆ ಗೊತ್ತು, ನೀವು ಸುಮ್ನಿರಿ," ಅಂದಳು ಸೊಸೆ.

ಗೊತ್ತಿದ್ದದ್ದು ನಿಜ. ಹೊರಡುವ ಮಾತು ಬಂದಾಗಿನಿಂದ ಅವಳು ಫೋನಿನಲ್ಲಿ ಅದನ್ನೇ ನೋಡುತ್ತಿದ್ದಳು. ಯಾವ ತೋಟಕ್ಕೆ ಕಾಸು ಕೇಳುವುದಿಲ್ಲ, ಚಿತ್ರಶಾಲೆಯೊಳಗೆ ಯಾವ ವಾರ ಸುಮ್ಮನೆ ಬಿಡುತ್ತಾರೆ, ಕೋರ್ಟಿನಲ್ಲಿ ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಸು ಕೇಳಬಹುದು, ಎಲ್ಲಾ ಬಾಯಿಪಾಠ. ಮದುವೆಯಾದ ಮೇಲೆ ಅವಳು ಊರು ಬಿಟ್ಟು ಹೊರಬಂದದ್ದೇ ಇದು ಮೊದಲು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ದುರಾಸೆ ಅವಳದಲ್ಲ. ನೋಡಬೇಕೆಂಬ ಆಸೆ, ಅಷ್ಟೇ.

ಮೇಸ್ತ್ರಿಯಮ್ಮನಿಗೆ ಈ ಪಟ್ಟಿಯಲ್ಲಿ ಬೇಕಾದದ್ದು ಒಂದೇ. "ಮೊದಲು ವಾಚನಾಲಯ," ಅಂದಳು. ಅಕ್ಷರ ಬಾರದ ಅತ್ತೆಗೆ ವಾಚನಾಲಯ ಯಾತಕ್ಕೆ ಅಂತ ಸೊಸೆ ಕೇಳಲಿಲ್ಲ. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಸಂಗತಿ.

ವಾಚನಾಲಯದ ದೊಡ್ಡ ಹಾಲಿನ ಚಾವಣಿ ಮೇಸ್ತ್ರಿಯ ಕೈಕೆಲಸ. ಮದುವೆಯಾದ ಹೊಸತರಲ್ಲಿ ಅವನು ಈ ಪಟ್ಟಣದಲ್ಲೇ ತಂಡ ಕಟ್ಟಿಕೊಂಡು ಇದ್ದ. ಆಗ ಊರಿನಲ್ಲಿ ಅವರ ಮೊದಲ ಮಗು, ಆಗಷ್ಟೇ ಎರಡು ಮಾತು ಕೂಡಿಸಿ ಆಡಲು ಕಲಿತಿದ್ದ ಹೆಣ್ಣುಮಗು, ಜ್ವರ ಬಂದು ತೀರಿಕೊಂಡಿತು. ಬೆಳಿಗ್ಗೆಯೇ ಕಟ್ಟಡದ ಆಫೀಸಿಗೆ ಫೋನಿನಲ್ಲಿ ಸುದ್ದಿ ಮುಟ್ಟಿತು. ಮಧ್ಯಾಹ್ನದ ಬಸ್ಸು ಹಿಡಿದಿದ್ದರೆ ಸಂಜೆಗೆ ಬಂದು ಮಗುವಿನ ಮುಖ ನೋಡಬಹುದಿತ್ತು. ಮೇಸ್ತ್ರಿ ಬರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಮಾರನೆಯ ದಿನವೂ ಆದಷ್ಟು ತಡೆದು, ಇನ್ನು ತಡೆಯಲಾಗದೆ ಮಣ್ಣು ಮಾಡಿದರು. ಅವನು ಬಂದದ್ದು ಅದೆಲ್ಲ ಮುಗಿದ ಮೇಲೆ, ತಲೆಗೂದಲಲ್ಲಿ ಸುಣ್ಣ ಹಾಗೇ ಇಟ್ಟುಕೊಂಡು.

"ಯಾಕೆ ಬರಲಿಲ್ಲ?" ಅಂತ ಅವಳು ಕೇಳಿದಳು.

"ಚಾವಣಿ ಅರ್ಧ ಆಗಿತ್ತು," ಅಂದಿದ್ದ ಮೇಸ್ತ್ರಿ. "ಹಸಿಗೆ ಹಸಿ ಕೂಡಬೇಕು. ಕೈ ಬಿಟ್ಟಿದ್ರೆ ಗೆರೆ ಬೀಳ್ತಿತ್ತು."

ಗಾರೆಯ ಕೆಲಸದಲ್ಲಿ ಅದು ಸುಳ್ಳಲ್ಲ. ಚಾವಣಿಯ ಕೊನೆಯ ಪದರವನ್ನು ಒಂದು ತುದಿಯಿಂದ ಹಿಡಿದರೆ ಇನ್ನೊಂದು ತುದಿಯವರೆಗೆ ನಿಲ್ಲದೆ ಎಳೆಯಬೇಕು. ತಂಡದವರು ಬಿದಿರು ಕಟ್ಟಿದ ಸಾರವೆಯ ಮೇಲೆ ಸಾಲಾಗಿ ನಿಂತು, ಗಾರೆ ಸವರುವ ಎಲ್ಲರ ಕರಣೆಯೂ ಒಟ್ಟಿಗೆ ಸಾಗಬೇಕು. ನಡುವೆ ನಿಂತರೆ ಅಂಚು ಒಣಗುತ್ತದೆ. ಒಣಗಿದ ಅಂಚಿಗೆ ಹೊಸ ಗಾರೆ ಕೂಡಿಸಿದರೆ ಅಲ್ಲೊಂದು ಗೆರೆ ನಿಲ್ಲುತ್ತದೆ, ಎಷ್ಟು ಬಣ್ಣ ಬಳಿದರೂ ಹೋಗುವುದಿಲ್ಲ. ಮೇಸ್ತ್ರಿಯ ಚಾವಣಿಯಲ್ಲಿ ಗೆರೆ ಇರುವುದಿಲ್ಲ ಅನ್ನುವುದು ಸುತ್ತ ನಾಲ್ಕೂರಿಗೆ ಗೊತ್ತಿದ್ದ ಮಾತು.

ಮಗು ಸತ್ತಿದೆ ಅಂದರೂ ಕರಣೆ ಕೆಳಗಿಡದ ಗಂಡಸು. ಆ ಒಂದು ಮಾತು ಮೇಸ್ತ್ರಿಯಮ್ಮನ ಎದೆಯಲ್ಲಿ ಕಲ್ಲಾಗಿ ಕೂತಿತು. ಸಂಸಾರವೇನೋ ಮಾಡಿದಳು. ಮಗ ಹುಟ್ಟಿದ. ಬಡಿಸಿದಳು, ಬಟ್ಟೆಯ ಸುಣ್ಣ ಉಜ್ಜಿ ತೆಗೆದಳು, ಕೊನೆಗೆ ಅವನು ಹಾಸಿಗೆ ಹಿಡಿದಾಗ ಮೈ ಒರೆಸಿದಳು. ಆದರೆ ಮಲಗುವಾಗ ಗೋಡೆಯ ಕಡೆ ಮುಖ ಮಾಡುವುದನ್ನು ಬಿಡಲಿಲ್ಲ. ಅವನೂ ಎರಡನೆಯ ಮಾತು ಆಡಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಯಾರು ಹೇಳಿದರೋ, ಅವರ ಮನೆಯಲ್ಲಿ ಇಂಥ ಬಂಗಾರ ಗುಡ್ಡೆ ಬಿದ್ದಿರಲಿಲ್ಲ.

ಈಗ ಅವಳಿಗೆ ಆ ಚಾವಣಿಯನ್ನು ಕಣ್ಣಾರೆ ನೋಡಬೇಕಿತ್ತು. ಮಗುವಿನ ಮುಖಕ್ಕಿಂತ ಹೆಚ್ಚಾದದ್ದು ಅದು ಎಂಥದ್ದಪ್ಪ ಅಂತ ನೋಡಬೇಕಿತ್ತು. ಗೆರೆಯಿಲ್ಲದೆ ನುಣ್ಣಗಿದ್ದರೆ ಅವನು ಹೇಳಿದ್ದು ನಿಜ, ತಾನು ಇಷ್ಟು ಕಾಲ ಸಾಕಿದ ಸಿಟ್ಟೂ ಸರಿ. ಆ ಸಿಟ್ಟನ್ನು ಹೊತ್ತುಕೊಂಡೇ ತಾನೂ ಹೋಗುವುದು. ಇದು ಅವಳ ಲೆಕ್ಕಾಚಾರ. ಗೆರೆ ಇದ್ದರೆ ಏನು ಅಂತ ಅವಳು ಯೋಚಿಸಿರಲಿಲ್ಲ.

ವಾಚನಾಲಯದ ಬಾಗಿಲಲ್ಲಿ ಅಟೆಂಡರ್ ಬುತ್ತಿಯ ಚೀಲವನ್ನು ಮಾತ್ರ ಇಳಿಸಿಕೊಂಡು ಒಳಗೆ ಬಿಟ್ಟ. ಉದ್ದನೆಯ ಹಾಲು, ಉದ್ದುದ್ದ ಮೇಜುಗಳು, ಬಗ್ಗಿದ ತಲೆಗಳು. ಎಲ್ಲರೂ ಕೆಳಗೆ ನೋಡುತ್ತಿದ್ದ ಆ ಜಾಗದಲ್ಲಿ ಇವಳೊಬ್ಬಳು ಕತ್ತೆತ್ತಿ ನಿಂತಳು. ಚಾವಣಿ ಬೆಳ್ಳಗೆ, ತೊಳೆದಿಟ್ಟ ತಟ್ಟೆಯಂತಿತ್ತು. ಅವಳು ಮುಖ ಮೇಲೆ ಮಾಡಿಕೊಂಡೇ ಈ ತುದಿಯಿಂದ ಆ ತುದಿಗೆ ನಡೆದಳು, ಒಂದು ಕುರ್ಚಿಗೆ ಮೊಣಕಾಲು ಬಡಿದುಕೊಂಡಳು, ತಿರುಗಿ ಬಂದಳು. ಒಬ್ಬರು ಮೇಲೆ ನೋಡಿದರೆ ಪಕ್ಕದವರ ಕತ್ತು ಸುಮ್ಮನಿರುತ್ತದೆಯೇ? ಮೇಜಿನಿಂದ ಮೇಜಿಗೆ ಒಬ್ಬೊಬ್ಬರೇ ಓದು ಬಿಟ್ಟು ಚಾವಣಿ ನೋಡತೊಡಗಿದರು.

ಪೇಪರು ಹಿಡಿದ ಒಬ್ಬ ಮುದುಕ ಪಿಸುಗುಟ್ಟಿದ. "ಏನಮ್ಮ ಇದೆ ಮೇಲೆ?"

"ಏನೂ ಇಲ್ಲ. ಏನೂ ಇಲ್ವಲ್ಲ ಅಂತಲೇ ನೋಡ್ತಿದ್ದೀನಿ."

ಮುದುಕ ಇನ್ನಷ್ಟು ಹೊತ್ತು ಮೇಲೆ ನೋಡಿದ.

ಸೊಸೆ ಅತ್ತೆಯ ತೋಳು ಹಿಡಿದಳು. ಅವಳ ದನಿಯಲ್ಲಿ ಸಮಾಧಾನವೂ ಇತ್ತು, ಹೆದರಿಕೆಯೂ ಇತ್ತು. "ಗೆರೆ ಇಲ್ಲ ಅತ್ತೆ. ಮಾವ ಹೇಳಿದ್ದು ನಿಜ."

ತಾನು ಅಂದುಕೊಂಡಂತೆಯೇ ಆಗಿದ್ದರೂ ಮೇಸ್ತ್ರಿಯಮ್ಮನಿಗೆ ಖುಷಿಯಾಗಲಿಲ್ಲ. ಇಷ್ಟು ವರ್ಷವೂ ಮನಸ್ಸಿನ ಮೂಲೆಯಲ್ಲಿ ಬೇರೇನನ್ನೋ ಬಯಸಿದ್ದೆನೇ ಅಂತ ಅವಳಿಗೇ ಅನುಮಾನ ಬಂತು. ಆದರೆ ಅವಳು ಬರೀ ಹೆಂಡತಿಯಲ್ಲ, ಗಾರೆಯವನ ಹೆಂಡತಿ. ಮನೆಯ ಗೋಡೆ ಮೆತ್ತಿದಾಗಲೆಲ್ಲ ಮೇಸ್ತ್ರಿ ಅವಳ ಕೈಗೆ ದೀಪ ಕೊಟ್ಟು, ಗೋಡೆಗೆ ತಾಗಿಸಿ ಓರೆಯಾಗಿ ಹಿಡಿ ಅನ್ನುತ್ತಿದ್ದ. ಎದುರಿನಿಂದ ನೋಡಿದರೆ ಕಾಣದ ಉಬ್ಬು ತಗ್ಗು ಎಲ್ಲಾ ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತಿದ್ದವು.

"ಈಗ ಗೊತ್ತಾಗಲ್ಲ ಕಣೆ," ಅಂದಳು. "ಈ ಬೆಳಕಲ್ಲಿ ಎಂಥ ಕೆಟ್ಟ ಗಾರೆನೂ ನುಣ್ಣಗೇ ಕಾಣೋದು. ಓರೆ ಬೆಳಕು ಬೀಳಬೇಕು."

ಪಡುವಣದ ಎತ್ತರದ ಕಿಟಕಿಗಳ ಆಚೆ ಒಂದು ಕೆರೆ ಇತ್ತು. ಅದನ್ನು ಕಂಡಾಗ ಮೇಸ್ತ್ರಿ ಯಾರೊಡನೆಯೋ ಆಡಿದ್ದ ಮಾತು ಅವಳಿಗೆ ನೆನಪಾಯಿತು. ಸಂಜೆ ಸೂರ್ಯ ಇಳಿದಾಗ ಆ ಕೆರೆಯ ನೀರಿನಿಂದ ಬೆಳಕು ಪುಟಿದು ಚಾವಣಿಯನ್ನು ಸವರಿಕೊಂಡು ಹೋಗುತ್ತದೆ, ಆ ಹಾಳು ಕೆರೆ ಇಲ್ಲದಿದ್ದರೆ ಅಲ್ಲಿ ಯಾರು ಬೇಕಾದರೂ ಗಾರೆ ಮಾಡಬಹುದಿತ್ತು ಅಂತ ಅವನು ಅಂದಿದ್ದ. ಅವಳು ಅಟೆಂಡರನ ಹತ್ತಿರ ಹೋಗಿ ಕೇಳಿದಳು. ಕತ್ತಲಾಗುವವರೆಗೂ ಬಾಗಿಲು ತೆರೆದೇ ಇರುತ್ತದೆ ಅಂದ.

"ಹಾಗಾದ್ರೆ ಸಂಜೆ ಬರೋಣ," ಅಂದಳು ಸೊಸೆ. "ಅಲ್ಲೀವರೆಗೆ ನಾನು ಹೇಳಿದ ಕಡೆ ಬನ್ನಿ."

ಅತ್ತೆ ಸೊಸೆ ಊರು ಸುತ್ತಿದರು. ಆದರೆ ಸುತ್ತಿದ್ದು ಒಂದೇ ಊರು ಅನ್ನುವಂತಿರಲಿಲ್ಲ. ಸೊಸೆ ನೋಡಿದ್ದು ಎದುರಿಗಿದ್ದ ಊರನ್ನು, ಅತ್ತೆ ನೋಡಿದ್ದು ತಲೆಯ ಮೇಲಿದ್ದದ್ದನ್ನು. ಚಿತ್ರಶಾಲೆಯಲ್ಲಿ ದೊರೆಗಳು, ಹಡಗುಗಳು, ಹಣ್ಣಿನ ಬುಟ್ಟಿಗಳು ಸಾಲಾಗಿ ತೂಗುತ್ತಿದ್ದವು. ಮೇಸ್ತ್ರಿಯಮ್ಮ ಅವುಗಳಿಗೆ ಬೆನ್ನು ಹಾಕಿ ಮೂಲೆಯ ಗಾರೆಯಲ್ಲಿದ್ದ ಬಿರುಕನ್ನು ನೋಡಿದಳು. ಹೊರಬಂದು ಹೇಗಿತ್ತು ಅಂತ ಸೊಸೆ ಕೇಳಿದರೆ, "ಅವಸರದಲ್ಲಿ ಮಾಡಿದ್ದಾರೆ," ಅಂದಳು.

ಕೋರ್ಟಿನಲ್ಲಿ ಹಿಂದಿನ ಬೆಂಚು ಸಿಕ್ಕಿತು. ಅಣ್ಣತಮ್ಮಂದಿರಿಬ್ಬರು ಒಂದು ಮೆಟ್ಟಿಲಿಗಾಗಿ ಬಡಿದಾಡುತ್ತಿದ್ದರು. ಮೆಟ್ಟಿಲು ಯಾರದ್ದು ಅಂತ ತೀರ್ಮಾನವಾಗುವುದರೊಳಗೆ ಇಬ್ಬರಿಗೂ ಅದನ್ನು ಹತ್ತುವ ಶಕ್ತಿ ಇರುವುದಿಲ್ಲ ಅನ್ನುವುದು ಅವರ ನರೆತ ತಲೆ ನೋಡಿದರೇ ತಿಳಿಯುತ್ತಿತ್ತು. "ಗೆದ್ದವನು ಸೋತ, ಸೋತವನು ಸತ್ತ," ಅಂತ ಮೇಸ್ತ್ರಿಯಮ್ಮ ತುಸು ಜೋರಾಗಿಯೇ ಅಂದಳು. ವಕೀಲರೊಬ್ಬರು ತಿರುಗಿ ನೋಡಿದರು. ಸೊಸೆ ಅವಳನ್ನು ಎಬ್ಬಿಸಿಕೊಂಡು ಹೊರಬಂದಳು.

ಮಂಚ, ಬೀರು ಮಾರುವ ದೊಡ್ಡ ಅಂಗಡಿಯಲ್ಲಿ ಮಾತ್ರ ನಗೆಪಾಟಲಾಯಿತು. ಅಲ್ಲಿ ಯಾವ ಮಂಚದ ಮೇಲೆ ಬೇಕಾದರೂ ಮಲಗಿ ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ ಅಂತ ಫೋನಿನಲ್ಲಿ ಹೇಳಿದ್ದರು. ಕಾಲು ಸೋತಿದ್ದ ಮೇಸ್ತ್ರಿಯಮ್ಮ ಒಂದು ದಪ್ಪ ಹಾಸಿಗೆಯ ಮೇಲೆ ಅಂಗಾತ ಮಲಗಿದಳು. ಟೈ ಕಟ್ಟಿದ ಮಾರಾಟದವನು ಓಡಿಬಂದ.

"ಹೇಗಿದೆ ಅಮ್ಮ?"

"ಚೆನ್ನಾಗಿಲ್ಲಪ್ಪ. ಆ ಮೂಲೇಲಿ ನೀರು ಜಿನುಗಿದೆ. ಇವತ್ತಲ್ಲ ನಾಳೆ ಹಕ್ಕಳೆ ಏಳುತ್ತೆ."

ಅವನು ಗಾಬರಿಯಿಂದ ಹಾಸಿಗೆಯ ಮೂಲೆಗಳನ್ನೆಲ್ಲ ಒತ್ತಿ ಒತ್ತಿ ನೋಡಿದ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಬೀರುವಿನ ಹಿಂದೆ ಹೋಗಿ ನಕ್ಕಳು. ಅತ್ತೆಗೂ ನಗು ಬಂತು. ಇಬ್ಬರೂ ಜೊತೆಯಲ್ಲಿ ನಕ್ಕದ್ದು ಯಾವಾಗ ಅಂತ ನೆನಪಿಸಿಕೊಳ್ಳಬೇಕಾಗಿತ್ತು.

ತೋಟದಲ್ಲಿ ಮರದ ಕೆಳಗೆ ಬುತ್ತಿ ಬಿಚ್ಚಿದರು. ಹುಲ್ಲಿನ ಮೇಲೆ ಯಾರದೋ ಪುಟ್ಟ ಹುಡುಗಿ ತನ್ನ ಚಪ್ಪಲಿಯನ್ನು ತಾನೇ ಎಸೆದು ತಾನೇ ಹುಡುಕುತ್ತಿತ್ತು. ಸೊಸೆ ಅದನ್ನು ನೋಡುತ್ತಾ ಕೂತಿದ್ದವಳು ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದಳು. "ಅತ್ತೆ, ನಿಮ್ಮ ಮಗು ಹೇಗಿತ್ತು?"

ಮಗು ಹೇಗೆ ಸತ್ತಿತು ಅಂತ ಕೇಳಿದವರು ಬೇಕಾದಷ್ಟು ಜನ ಇದ್ದರು. ಹೇಗಿತ್ತು ಅಂತ ಇದುವರೆಗೆ ಯಾರೂ ಕೇಳಿರಲಿಲ್ಲ.

"ಕಪ್ಪಗಿತ್ತು," ಅಂದಳು ಮೇಸ್ತ್ರಿಯಮ್ಮ. "ಹಟಮಾರಿ. ನನ್ನ ಮಾತು ಕೇಳ್ತಿರಲಿಲ್ಲ. ಅಪ್ಪ ಊರಿಗೆ ಬಂದ್ರೆ ಅವನ ಕಾಲು ನೋಡೋದು. ಗಾರೆಯವನ ಕಾಲು, ಯಾವಾಗಲೂ ಬೆಳ್ಳಗೆ. ಅಪ್ಪ ಅಂತ ಕರೀತಿರಲಿಲ್ಲ ಅದು. 'ಸುಣ್ಣ ಬಂತು, ಸುಣ್ಣ ಬಂತು' ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗೋದು. ಅವನು ಅದನ್ನ ಹೆಗಲ ಮೇಲೆ ಕೂರಿಸ್ಕೊಂಡು ಮನೆ ಚಾವಣಿ ಮುಟ್ಟಿಸ್ತಿದ್ದ."

"ಮಾವ ಮತ್ತೆ ನೀವು ಇದನ್ನೆಲ್ಲ ಆಮೇಲೆ ಮಾತಾಡ್ಕೋತಿದ್ರಾ?"

"ಇಲ್ಲ."

"ಒಂದು ಸಲಾನೂ?"

"ಮಾತಾಡಿದ್ರೆ ಅವನಿಗೆ ಹಗುರ ಆಗ್ತಿತ್ತು. ಆಗಬಾರದು ಅಂತ ನನ್ನ ಹಟ." ಮೇಸ್ತ್ರಿಯಮ್ಮ ಡಬ್ಬಿಯ ಮುಚ್ಚಳ ಹಾಕಿದಳು. "ನನಗೂ ಆಗಲಿಲ್ಲ ಅನ್ನು."

ಸೊಸೆ ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗ. ಅಂದುಕೊಂಡದ್ದಕ್ಕಿಂತ ಬೇಗ ಮೂಟೆ ಇಳಿದಿತ್ತು. ಗೋದಾಮಿನವರು ಲಾರಿ ತೆಗಿ ಅಂತ ತಲೆ ತಿನ್ನುತ್ತಿದ್ದಾರೆ, ಎಲ್ಲಿದ್ದರೂ ಈಗಲೇ ಹೊರಟು ಬನ್ನಿ ಅಂದ. ಸೂರ್ಯ ಇನ್ನೂ ಮರದ ನೆತ್ತಿ ಬಿಟ್ಟು ಇಳಿದಿರಲಿಲ್ಲ. ಈಗ ಹೊರಟರೆ ಚಾವಣಿಯ ಆಸೆ ಬಿಟ್ಟಂತೆಯೇ. ಇನ್ನೊಂದು ಸಲ ಈ ಊರಿಗೆ ಬರುವುದು ತನ್ನ ಮೊಣಕಾಲಿಗೆ ಆಗದ ಮಾತು ಅಂತ ಮೇಸ್ತ್ರಿಯಮ್ಮನಿಗೆ ಗೊತ್ತಿತ್ತು.

"ರೀ, ಅತ್ತೆಗೆ ಒಂದು ಕೆಲಸ ಇದೆ," ಅಂದಳು ಸೊಸೆ. "ನೀವು ಲಾರಿ ತಗೊಂಡು ಊರಾಚೆ ಎಲ್ಲಾದ್ರೂ ನಿಲ್ಲಿಸಿ. ನಾವು ನಡ್ಕೊಂಡು ಬರ್ತೀವಿ."

"ಎಂಥ ಕೆಲಸ? ಊರು ಸುತ್ತೋಕೆ ಬಿಟ್ರೆ ಊರನ್ನೇ ಕೊಂಡ್ಕೊಳ್ಳೋ ಹಾಗೆ ಆಡ್ತೀರಲ್ಲ! ಕೊಡು ಅಮ್ಮಂಗೆ."

ಮೇಸ್ತ್ರಿಯಮ್ಮ ಫೋನು ಕಿವಿಗಿಟ್ಟುಕೊಂಡಳು. ಮಗ ಕೂಗಾಡುವುದು ಮುಗಿಯುವವರೆಗೆ ಕಾದಳು. "ನಿನ್ನ ಅಕ್ಕನ ಕೆಲಸ ಇದೆ ಕಣಪ್ಪ," ಅಂದಳು.

ತನಗೊಬ್ಬ ಅಕ್ಕ ಇದ್ದಳು ಅನ್ನುವುದನ್ನು ಮಗ ನೆಂಟರ ಬಾಯಲ್ಲಿ ಕೇಳಿ ತಿಳಿದವನು. ಅಮ್ಮನ ಬಾಯಲ್ಲಿ ಆ ಮಾತು ಬಂದದ್ದು ಇದೇ ಮೊದಲು.

"ಆಯ್ತಮ್ಮ," ಅಂದ. "ನಿಧಾನಕ್ಕೆ ಬನ್ನಿ."

ಅವರು ಮತ್ತೆ ವಾಚನಾಲಯಕ್ಕೆ ಹೋದಾಗ ಮೇಜುಗಳು ಅರ್ಧ ಖಾಲಿಯಾಗಿದ್ದವು. ಪೇಪರಿನ ಮುದುಕ ಮಾತ್ರ ಅಲ್ಲೇ ಇದ್ದ. ಇವರನ್ನು ಕಂಡು ಕನ್ನಡಕ ಸರಿಮಾಡಿಕೊಂಡು ತಾನೂ ಒಮ್ಮೆ ಮೇಲೆ ನೋಡಿದ. ಸೊಸೆ ಎರಡು ಕುರ್ಚಿಗಳನ್ನು ಸದ್ದಾಗದಂತೆ ಎತ್ತಿ ಹಾಲಿನ ನಡುವೆ ಇಟ್ಟಳು. ಇಬ್ಬರೂ ಕೂತು ಕಾದರು. ಚಾವಣಿ ಬೆಳಿಗ್ಗೆಯಂತೆಯೇ ಬೆಳ್ಳಗೆ, ನುಣ್ಣಗೆ ಇತ್ತು.

ಸೂರ್ಯ ಕಿಟಕಿಯ ಮಟ್ಟಕ್ಕೆ ಇಳಿದ. ಕೆರೆಯ ನೀರು ಹೊಳೆಯಿತು. ಆ ಹೊಳಪು ಕಿಟಕಿಯಿಂದ ಒಳಬಂದು ಮೊದಲು ಮೂಲೆಯಲ್ಲಿ ನಡುಗಿತು, ಆಮೇಲೆ ಚಾವಣಿಯ ಉದ್ದಕ್ಕೂ ನಿಧಾನವಾಗಿ ಹರಡಿತು. ಬೆಳಿಗ್ಗೆ ತಟ್ಟೆಯಂತಿದ್ದದ್ದು ಈಗ ಉತ್ತ ಹೊಲದಂತೆ ಕಂಡಿತು. ಕರಣೆ ಎಳೆದ ಒಂದೊಂದು ಎಳೆತವೂ ತನ್ನ ನೆರಳಿನೊಡನೆ ಎದ್ದು ಬಂತು.

"ಅಲ್ನೋಡು, ಅಲ್ನೋಡು," ಅಂತ ಮೇಸ್ತ್ರಿಯಮ್ಮ ಸೊಸೆಯ ಮಣಿಕಟ್ಟು ಹಿಡಿದಳು. "ಎಲ್ಲರ ಎಳೆತಾನೂ ಈ ಕಡೆ ವಾಲಿದೆ. ನಡುವಿನ ಪಟ್ಟಿ ಮಾತ್ರ ಆ ಕಡೆ. ನಿಮ್ಮ ಮಾವ ಎಡಚ. ಅದು ಅವನ ಕೈ."

ಅವಳ ಕಣ್ಣು ಆ ನಡುವಿನ ಪಟ್ಟಿಯನ್ನು ಹಿಡಿದು ಮೂಡಣದ ತುದಿಯಿಂದ ಸಾಗಿತು. ಎಷ್ಟು ಸಮವಾದ ಕೈ! ಒಂದು ಎಳೆತ ಇನ್ನೊಂದರೊಳಗೆ ಎಲ್ಲಿ ಸೇರಿತು ಅಂತ ತಿಳಿಯದ ಹಾಗೆ. ಸಿಟ್ಟಿನ ನಡುವೆಯೂ ಅವಳಿಗೆ ಹೆಮ್ಮೆಯಾಯಿತು. ಹೆಮ್ಮೆಯಾದದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ಚಾವಣಿಯ ಅರ್ಧ ದಾಟುತ್ತಲೂ ಅವಳ ಕಣ್ಣು ತಟ್ಟನೆ ನಿಂತಿತು.

ಗೆರೆ.

ಈ ಗೋಡೆಯಿಂದ ಆ ಗೋಡೆಯವರೆಗೆ, ಅಡ್ಡಲಾಗಿ. ಬಿರುಕಲ್ಲ. ಬಿರುಕಾಗಿದ್ದರೆ ಬೇರಿನ ಹಾಗೆ ಅತ್ತಿತ್ತ ಅಲೆಯುತ್ತಿತ್ತು. ಇದು ಒಣಗಿದ ಅಂಚಿಗೆ ಹೊಸ ಗಾರೆ ಕೂಡಿಸಿದ ಗೆರೆ. ಎರಡು ಪಕ್ಕದಲ್ಲೂ ಅಂಚು ಮಟ್ಟಗೋಲು ಇಟ್ಟು ಕತ್ತರಿಸಿದಂತೆ ನೇರವಾಗಿತ್ತು. ನಡುವೆ, ಮೇಸ್ತ್ರಿಯ ಪಟ್ಟಿಯಲ್ಲಿ, ಕೈಯಿಂದ ಹರಿದ ಬಟ್ಟೆಯ ಹಾಗೆ ಚಿಂದಿಚಿಂದಿಯಾಗಿತ್ತು.

ಮೇಸ್ತ್ರಿಯಮ್ಮ ಕುರ್ಚಿಯ ತುದಿಗೆ ಜರುಗಿ ಕತ್ತನ್ನು ಇನ್ನಷ್ಟು ಎತ್ತಿದಳು. ಸೊಸೆಗೆ ಹೆದರಿಕೆಯಾಯಿತು. "ಅತ್ತೆ, ಏನಾಯ್ತು? ಗೆರೆ ಇದೆಯಲ್ವಾ ಅದು?"

"ನಿಲ್ಲಿಸಿದ್ದಾನೆ," ಅಂದಳು ಮೇಸ್ತ್ರಿಯಮ್ಮ.

"ಅಂದ್ರೆ?"

"ನಡುವೆ ನಿಲ್ಲಿಸಲೇಬೇಕಾಗಿ ಬಂದ್ರೆ ಅಂಚನ್ನ ನೇರವಾಗಿ ಕತ್ತರಿಸಿ ಇಳೀಬೇಕು. ಕೆಲಸ ಕಲಿಯೋರಿಗೆ ಅದು ಮೊದಲನೇ ಪಾಠ. ಕತ್ತರಿಸದೆ ಇಳಿದೋರ ಕೆನ್ನೆಗೆ ಬಿಗೀತಿದ್ದ ಅವನು. ನೋಡು, ಆ ಕಡೆಯೋರು ಈ ಕಡೆಯೋರು ಎಲ್ಲಾ ಕತ್ತರಿಸಿ ಇಳಿದಿದ್ದಾರೆ. ಇವನು ಕತ್ತರಿಸಿಲ್ಲ. ಎಳೀತಾ ಎಳೀತಾ ಕರಣೆ ಅಲ್ಲೇ ಬಿಟ್ಟಿದ್ದಾನೆ. ಸುದ್ದಿ ಕಿವಿಗೆ ಬಿದ್ದ ಗಳಿಗೇಲಿ ಬಿಟ್ಟಿದ್ದಾನೆ."

ಗೆರೆಯ ಆಚೆಗೆ ಎಳೆತಗಳು ಮತ್ತೆ ಶುರುವಾಗಿದ್ದವು. ನಡುವಿನ ಪಟ್ಟಿ ಆಚೆಯೂ ಎಡಚನದೇ. ಮಾರನೆಯ ದಿನ ಅವನೇ ಮತ್ತೆ ಹತ್ತಿ ಮುಗಿಸಿದ್ದ. ಆದರೆ ಮೊದಲಿನ ಸಮ ಅಲ್ಲಿರಲಿಲ್ಲ. ಒಂದು ಎಳೆತ ಉದ್ದ, ಒಂದು ಗಿಡ್ಡ, ಅಲ್ಲಲ್ಲಿ ಎರಡೆರಡು ಸಲ ಉಜ್ಜಿದ ಗುರುತು. ಹೊಸಬನ ಕೈಯಂತಿತ್ತು ಅದು.

ಸೊಸೆಯ ಕಣ್ಣು ತುಂಬಿ ಬಂತು. "ಅಂದ್ರೆ ಮಾವ ಕಲ್ಲಲ್ಲ ಅತ್ತೆ. ಮಗು ಹೋಯ್ತು ಅಂದಾಗ ಕೈ ಬಿಟ್ಟಿದ್ದಾರೆ. ನಿಮಗೆ ಸಮಾಧಾನ ಆಗ್ಬೇಕು."

ಸಮಾಧಾನ ಆಗಬೇಕಿತ್ತು. ಮೇಸ್ತ್ರಿಯಮ್ಮ ಅದಕ್ಕಾಗಿ ಒಳಗೆಲ್ಲ ತಡಕಾಡಿದಳು. ಅಲ್ಲಿ ಸಿಕ್ಕಿದ್ದು ಬೇರೆ. ಬೆಳಿಗ್ಗೆಯೇ ಕರಣೆ ಬಿಟ್ಟವನಿಗೆ ಮಧ್ಯಾಹ್ನದ ಬಸ್ಸು ಇತ್ತು. ಚಾವಣಿಗಾಗಿ ಅವನು ಉಳಿದಿರಲಿಲ್ಲ. ಚಾವಣಿ ಆಗಲೇ ಕೆಟ್ಟು ಹೋಗಿತ್ತು. ಇನ್ನೇನಕ್ಕೆ ಉಳಿದ?

"ನಿಲ್ಲಿಸಿದ್ಯಲ್ಲ, ಮತ್ತೆ ಯಾಕೋ ಬರಲಿಲ್ಲ?" ಅಂತ ಅವಳು ಮೇಲೆ ನೋಡಿ ಕೇಳಿದಳು. ಮೆಲ್ಲಗೆ ಕೇಳಬೇಕೆಂದುಕೊಂಡಿದ್ದಳು, ಆದರೆ ದನಿ ಹಾಲಿನ ತುದಿಗೆ ಹೋಗಿ ಮುಟ್ಟಿತು. ಪೇಪರಿನ ಮುದುಕ ತಲೆ ತಗ್ಗಿಸಿದ. ಅಟೆಂಡರ್ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಂದವನು, ಅವಳ ಮುಖ ಕಂಡು, ಬೆರಳು ಇಳಿಸಿ, ಹಾಗೇ ಹಿಂದಿರುಗಿದ.

ಉತ್ತರ ಕೊಡುವವನು ಇರಲಿಲ್ಲ. ಆದರೆ ಜೊತೆಗೆ ಬಾಳಿದವಳಿಗೆ ಉತ್ತರ ಯಾರೂ ಕೊಡಬೇಕಾಗಿಯೂ ಇರಲಿಲ್ಲ. ಸಾರವೆಯ ತುತ್ತತುದಿಯಲ್ಲಿ ನಿಂತು ಹೆದರದ ಆ ಮನುಷ್ಯ ಮನೆಯ ಬಾಗಿಲಿಗೆ ಹೆದರಿದ್ದ. ಆ ಪುಟ್ಟ ಮುಖ ನೋಡುವುದಕ್ಕೆ, ಅದರ ಪಕ್ಕದಲ್ಲಿ ಕೂತ ಹೆಂಡತಿಯ ಮುಖ ನೋಡುವುದಕ್ಕೆ ಅವನ ಕಾಲು ಏಳಲಿಲ್ಲ. ಹೆದರಿದೆ ಅಂತ ಹೇಳುವುದಕ್ಕಿಂತ ಕಟುಕ ಅನ್ನಿಸಿಕೊಳ್ಳುವುದು ಅವನಿಗೆ ಸುಲಭವಾಯಿತು. ಅನ್ನಿಸಿಕೊಂಡ, ಸಾಯುವವರೆಗೂ, ತುಟಿ ಪಿಟಕ್ಕೆನ್ನದೆ. ಅವಳೂ ಹಾಗೇ ಅಂದುಕೊಂಡು ಬಂದಿದ್ದಳು. ಒಂದು ಗಾರೆಯ ಗೆರೆಯಷ್ಟು ಅಗಲದ ಸುಳ್ಳು, ಅದರ ಈ ಕಡೆ ತಾನು, ಆ ಕಡೆ ಅವನು, ಒಂದೇ ಹಾಸಿಗೆಯ ಮೇಲೆ ಅಷ್ಟು ವರ್ಷ.

"ಒಂದು ಮಾತು ಹೇಳಿದ್ರೆ ಆಗ್ತಿತ್ತು," ಅಂದಳು. "ಇಲ್ಲ, ನಾನಾದ್ರೂ ಇನ್ನೊಂದು ಸಲ ಕೇಳಿದ್ರೆ ಆಗ್ತಿತ್ತು."

ಸೊಸೆ ಅವಳ ಬೆನ್ನಿನ ಮೇಲೆ ಕೈಯಿಟ್ಟಳು.

"ಆವತ್ತು ಇಡೀ ದಿನ ಇಲ್ಲೇ ಎಲ್ಲೋ ಕೂತು ಅತ್ತಿದ್ದಾನೆ ಕಣೆ. ಈ ಕೆರೆ ದಂಡೇಲೋ, ಆ ಮೆಟ್ಟಿಲ ಮೇಲೋ, ಒಬ್ಬನೇ. ಊರಲ್ಲಿ ನಾನೂ ಒಬ್ಬಳೇ ಇದ್ದೆ. ಮನೆಗೆ ಬಂದು ನನ್ನ ಜೊತೆ ಅಳಬಹುದಿತ್ತಲ್ಲೇ."

ಅವಳು ಅತ್ತಳು. ಮುಖ ಮುಚ್ಚಿಕೊಳ್ಳಲಿಲ್ಲ, ಕೆಳಗೂ ನೋಡಲಿಲ್ಲ. ಕತ್ತೆತ್ತಿಕೊಂಡೇ ಇದ್ದದ್ದರಿಂದ ನೀರು ಕಿವಿಯ ಪಕ್ಕದಿಂದ ಕೂದಲಿಗೆ ಇಳಿಯಿತು. ಸೊಸೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅವಳ ಎರಡೂ ಕೈ ಹಿಡಿದು ಕೂತಳು.